ಗೂಟಕ್ಕೆ ನೇತುಹಾಕಿದ ಕಣ್ಣು

2041ರ ಫೆಬ್ರವರಿ 19, ಮಂಗಳವಾರ, ಬೆಳಿಗ್ಗೆ 11 ಗಂಟೆ 42 ನಿಮಿಷ. ಹಿರೇಗುಡ್ಡ ಚಿನ್ನದ ಗಣಿಯ ಕಂಟ್ರೋಲ್ ರೂಮಿನಲ್ಲಿ, ಹದಿನಾಲ್ಕನೇ ಅಂತಸ್ತಿನ ಪಶ್ಚಿಮ ಭಾಗವನ್ನು ತೋರಿಸುವ ಪರದೆಯ ಮೇಲೆ ಏಳು ಹಸಿರು ಚುಕ್ಕೆಗಳಿದ್ದವು. ಅವುಗಳಲ್ಲಿ ಒಂದು ಆರಿತು. ಪರದೆ ಕಾಯುತ್ತಿದ್ದ ಎಂಜಿನಿಯರ್ ಜಯಶೀಲಾ ಕುರ್ಚಿಯಿಂದ ಮುಂದಕ್ಕೆ ಬಾಗುವಷ್ಟರಲ್ಲಿ ಇನ್ನೆರಡು ಆರಿದವು. ಆಮೇಲೆ ಮೂರು ಒಟ್ಟಿಗೇ ಹೋದವು. ಉಳಿದದ್ದು ಒಂದೇ.

ಒಂದು ಚುಕ್ಕೆ ಎಂದರೆ ಒಂದು ಕ್ಯಾಮೆರಾ, ಒಂದು ಕ್ಯಾಮೆರಾ ಎಂದರೆ ಒಂದು ತಲೆ. ನೆಲದಿಂದ ಅರ್ಧ ಮೈಲಿ ಕೆಳಗೆ ಆರು ತಲೆಗಳು ಒಮ್ಮೆಲೇ ಕಾಣದಾದರೆ ಅದಕ್ಕೆ ಏನು ಅರ್ಥ ಎಂದು ಅವಳು ಓದಿದ್ದಳು. ಕೆಲಸಕ್ಕೆ ಸೇರಿ ಅದು ಮೂರನೇ ದಿನ, ಪರದೆಯ ಮುಂದೆ ಕೂತದ್ದು ಅಂದೇ ಮೊದಲು. ಅಪಾಯದ ಗಂಟೆಯ ಗುಂಡಿಯನ್ನು ಒತ್ತಿಬಿಟ್ಟಳು.

ಹದಿನಾಲ್ಕು ಅಂತಸ್ತುಗಳಲ್ಲೂ ಗಂಟೆ ಮೊಳಗಿತು. ಯಂತ್ರಗಳನ್ನು ಹಾಗೇ ಬಿಟ್ಟು ಗಂಡಸರು ಲಿಫ್ಟಿನ ಕಡೆಗೆ ಓಡಿದರು. ಮೇಲೆ ಕಾಲನಿಯ ಹೆಂಗಸರು ಒಲೆ ಆರಿಸದೆ ಗೇಟಿನ ಹತ್ತಿರ ಬಂದು ನಿಂತರು. ಆಗ ಹದಿನಾಲ್ಕನೇ ಅಂತಸ್ತಿನಿಂದಲೇ ಫೋನ್ ಬಂತು. ಮಾತಾಡಿದವನು ಬಾಯಲ್ಲಿ ಏನನ್ನೋ ಅಗಿಯುತ್ತಿದ್ದ.

“ಯಾಕ್ರಿ ಮೇಡಮ್ಮಾರ, ಗಂಟಿ ಯಾಕ ಹೊಡೀಲಿಕತ್ತದ? ನಾವು ಊಟಕ್ಕ ಕುಂತೀವಲ್ರಿ.”

ಆರು ದೀಪ ಆರಿವೆ, ಯಾರಿಗೆ ಏನಾಗಿದೆ ಎಂದು ಜಯಶೀಲಾ ಕೇಳಿದಳು. ಆ ಕಡೆಯವನು ತುತ್ತು ನುಂಗಿದ.

“ಅವು ತಾವಾಗೇ ಆರಿಲ್ರಿ, ನಾವಾ ಬಂದ್ ಮಾಡೀವಿ. ಉಣ್ಣೂದಕ್ಕ ಏಳು ದೀಪ ಯಾಕ ಬೇಕು?”

ಹೀಗೆ ಹೇಳಿದವನು ಆ ಗ್ಯಾಂಗಿನ ಮೇಸ್ತ್ರಿ ಹುಸೇನಪ್ಪ. ಅಂದು ಮಧ್ಯಾಹ್ನ ಇಡೀ ಗಣಿ ನಕ್ಕಿತು. ನಗದೆ ಇದ್ದವನು ಮ್ಯಾನೇಜರ್ ಕಟಗೇರಿ ಒಬ್ಬನೇ. ಅವನು ಬೈಯಲಿಲ್ಲ; ಇನ್ನು ಮುಂದೆ ತನ್ನನ್ನು ಕೇಳದೆ ಆ ಗುಂಡಿ ಮುಟ್ಟಬಾರದು ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡು ಹೋದ.

ಆ ಕ್ಯಾಮೆರಾಗಳ ವಿಷಯ ಹೇಳಬೇಕು. ಆಳದ ಗಣಿಯಲ್ಲಿ ಕಲ್ಲು ಹೇಳದೆ ಕೇಳದೆ ಬೀಳುವುದಿಲ್ಲ. ಬೀಳುವ ಮೊದಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ದೂರ ಜಾರುತ್ತ ಇರುತ್ತದೆ. ಕಲ್ಲಿನೊಳಗೆ ರಂಧ್ರ ಕೊರೆದು ಕೂರಿಸಿದ ಅಳತೆಯ ಉಪಕರಣಗಳು ಸಿಡಿಮದ್ದಿಟ್ಟು ಕಲ್ಲೊಡೆಯುವ ಬ್ಲಾಸ್ಟಿಂಗಿನ ಹೊಡೆತಕ್ಕೆ ಕೆಡುತ್ತಿದ್ದವು. ಆಗ ಯಾರಿಗೋ ಬೇರೊಂದು ವಿಚಾರ ಹೊಳೆಯಿತು. ಕೆಲಸಗಾರ ದಿನವಿಡೀ ಕಲ್ಲನ್ನೇ ನೋಡುತ್ತಿರುತ್ತಾನಲ್ಲ, ಅವನ ಹೆಲ್ಮೆಟ್ಟಿನ ದೀಪದ ಪಕ್ಕದಲ್ಲಿ ಅವರೆಕಾಳಿನಷ್ಟು ದೊಡ್ಡ ವಿಡಿಯೋ ಕ್ಯಾಮೆರಾ ಇಟ್ಟರೆ? ಗೋಡೆಗೆ ಸುಣ್ಣದ ಚುಕ್ಕೆಗಳನ್ನು ಸಿಂಪಡಿಸಿದರು. ಅಲುಗಾಡುವ ತಲೆಯಿಂದ ತೆಗೆದ ಒಂದು ಚಿತ್ರ ನಂಬಲು ಯೋಗ್ಯವಲ್ಲ. ಆದರೆ ಕನಿಷ್ಠ ನಾಲ್ಕು ತಲೆಗಳು ಒಂದೇ ಚುಕ್ಕೆಯನ್ನು ನಾಲ್ಕು ಕಡೆಯಿಂದ ನೋಡಿದರೆ ಕಂಪ್ಯೂಟರು ತಲೆಗಳ ಅಲುಗಾಟವನ್ನು ಕಳೆದು ಕಲ್ಲಿನ ಅಲುಗಾಟವನ್ನು ಮಾತ್ರ ಉಳಿಸಿಕೊಳ್ಳಬಲ್ಲದು. ಮಿಲಿಮೀಟರಿನ ನೂರನೇ ಭಾಗ ಸರಿದರೂ ತಿಳಿಯುತ್ತಿತ್ತು. ಒಟ್ಟು ಐದು ಮಿಲಿಮೀಟರು ದಾಟಿದರೆ ಆ ಜಾಗವನ್ನು ಮುಚ್ಚಬೇಕು. ಗಣಿಯವರು ಇದನ್ನು ಒಪ್ಪಿ ಎರಡು ವರ್ಷವಾಗಿತ್ತು.

ದೀಪಕ್ಕೂ ಕ್ಯಾಮೆರಾಕ್ಕೂ ಸೇರಿ ಸೊಂಟದ ಬೆಲ್ಟಿನಲ್ಲಿ ಒಂದೇ ಬ್ಯಾಟರಿ. ಹೊಸದಾದರೆ ಹತ್ತು ಗಂಟೆ ಬರುತ್ತದೆ. ವರ್ಷ ಕಳೆದದ್ದಾದರೆ ಎಂಟು ಗಂಟೆಯ ಪಾಳಿ ಮುಗಿಯುವಷ್ಟರಲ್ಲಿ ಕೆಂಪು ತೋರಿಸುತ್ತದೆ. ಕ್ಯಾಮೆರಾ ಬರುವ ಮೊದಲು ಇದೇ ಬ್ಯಾಟರಿಯಲ್ಲಿ ದೀಪ ಎರಡು ಪಾಳಿ ಉರಿಯುತ್ತಿತ್ತು ಎಂಬುದನ್ನು ಯಾವ ಕೆಲಸಗಾರನೂ ಮರೆತಿರಲಿಲ್ಲ.

ಜಯಶೀಲಾಳಿಗೆ ಕಾಲನಿಯಲ್ಲಿ ಸಿಕ್ಕಿದ್ದ ಮನೆಯ ಪಕ್ಕದ ಮನೆಯೇ ಹುಸೇನಪ್ಪನದು. ಅವನ ಹೆಂಡತಿ ತಾಯಮ್ಮ ಗಣಿಯ ಲ್ಯಾಂಪ್ ರೂಮಿನಲ್ಲಿ ಕೆಲಸಕ್ಕಿದ್ದಳು. ಪಾಳಿಗೆ ಹೋಗುವವರಿಗೆ ಬ್ಯಾಟರಿ ಕೊಡುವುದು, ಬಂದವರಿಂದ ತೆಗೆದುಕೊಂಡು ಚಾರ್ಜಿಗೆ ಹಾಕುವುದು ಅವಳ ಕೆಲಸ. ಅಂದು ಸಂಜೆ ಅವಳು ಗೋಡೆಯಾಚೆಯಿಂದ ಜಯಶೀಲಾಳನ್ನು ಕೂಗಿ ಕರೆದು, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕಿ ಕೂರಿಸಿದಳು. ನಗಬಾರದೆಂದು ಗಂಡನಿಗೆ ಮೊದಲೇ ಹೇಳಿಟ್ಟಿದ್ದಳೆಂದು ತೋರುತ್ತದೆ. ಹುಸೇನಪ್ಪ ಬಹಳ ಗಂಭೀರವಾಗಿ, ತಾನು ಈಗ ಮನೆಯ ದೀಪ ಆರಿಸಬಹುದೋ ಅಥವಾ ಮೇಡಮ್ಮಾರು ಗಂಟೆ ಹೊಡೆಯುತ್ತಾರೋ ಎಂದು ಕೇಳಿದ. ತಾಯಮ್ಮ ಅವನ ತಟ್ಟೆಗೆ ಪಲ್ಯ ಬಡಿಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

ಊಟದ ಹೊತ್ತಿಗೆ ದೀಪ ಆರಿಸುವ ಪದ್ಧತಿ ಅವನ ಅಪ್ಪನ ಕಾಲದ್ದು. ಕೆಲಸದ ಗೋಡೆಯ ಎದುರಿಗೆ ಗಟ್ಟಿ ಕಂಬದಂತೆ ಬಿಟ್ಟ ಬಂಡೆಯಿದೆ, ಅದರ ಬುಡವೇ ಊಟದ ಜಾಗ. ಬಂಡೆಗೆ ಒಂದು ಕಬ್ಬಿಣದ ಗೂಟ. ಸರದಿಯಂತೆ ಒಬ್ಬನ ಹೆಲ್ಮೆಟ್ಟು ಆ ಗೂಟಕ್ಕೆ ಏರುತ್ತದೆ. ಯಾರ ಕಣ್ಣಿಗೂ ಹೊಡೆಯದಂತೆ ಅದರ ದೀಪವನ್ನು ಎದುರಿನ ಗೋಡೆಯ ಕಡೆಗೆ ತಿರುಗಿಸುತ್ತಾರೆ. ಉಳಿದ ಆರು ಬ್ಯಾಟರಿ ವಿಶ್ರಾಂತಿ ಪಡೆಯುತ್ತವೆ. ಯಾರ ದೀಪ ಉರಿಯಿತೋ ಅವನನ್ನು ವಾಪಸು ಬರುವಾಗ ನಡುವೆ ಬಿಟ್ಟುಕೊಂಡು ಬರುತ್ತಾರೆ, ದಾರಿಯಲ್ಲಿ ಅವನ ಬೆಳಕು ಸತ್ತರೂ ತೊಂದರೆಯಿಲ್ಲ.

ಕ್ಯಾಮೆರಾಗಳು ಆ ಅರ್ಧ ಗಂಟೆ ಕುರುಡಾಗುತ್ತವೆ, ಬ್ಯಾಟರಿಗೆ ತಾನು ಬೇರೆ ಏರ್ಪಾಡು ಮಾಡುತ್ತೇನೆ, ದೀಪ ಹಚ್ಚಿಕೊಂಡೇ ಉಣ್ಣಿ ಎಂದು ಜಯಶೀಲಾ ಕೇಳಿಕೊಂಡಳು. ಹುಸೇನಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಬ್ಯಾಟರಿ ಒಂದಾ ಅಲ್ರಿ. ನಮ್ಮದು ಎಲ್ಲಾರ ಬುತ್ತಿ ಒಂದಾ ಅರಿವಿ ಮ್ಯಾಲ ಬೀಳ್ತದ. ಒಬ್ಬಾವ ಎಂಟು ರೊಟ್ಟಿ ತಂದಿರ್ತಾನ, ಒಬ್ಬಾವನ ಮನ್ಯಾಗ ಅವತ್ತು ಒಲಿ ಹಚ್ಚಿರೂದಿಲ್ಲ. ಮಬ್ಬಿನ್ಯಾಗ ಯಾರ ಕೈ ಎಷ್ಟು ಸಲ ಬಂತು ಅಂತ ಗೊತ್ತಾಗೂದಿಲ್ಲ. ಬೆಳಕು ಬಂದ್ರ ಎಣಿಕಿ ಸುರು ಆಗ್ತದ. ಅದರಾಗ ನಿಮ್ಮ ಕ್ಯಾಮೆರಾ ಬ್ಯಾರೆ.”

ಜಯಶೀಲಾ ಮತ್ತೆ ಒತ್ತಾಯಿಸಲಿಲ್ಲ. ಆದರೆ ಅರ್ಧ ಗಂಟೆಯ ಕುರುಡು ಅವಳ ಮನಸ್ಸಿನಿಂದ ಹೋಗಲೂ ಇಲ್ಲ.

ಮರುದಿನದಿಂದ ಅವಳು ಕ್ಯಾಮೆರಾಕ್ಕೆ ಮಾತ್ರ ಸಾಲುವ ಪುಟ್ಟ ಬ್ಯಾಟರಿಯೊಂದರ ಲೆಕ್ಕ ಹಾಕತೊಡಗಿದಳು. ಜನ ಮಬ್ಬಿನಲ್ಲಿ ಉಣ್ಣಲಿ. ಗೋಡೆಯನ್ನು ನೋಡಲು ಕ್ಯಾಮೆರಾಕ್ಕೆ ಎಷ್ಟು ಕಡಿಮೆ ಬೆಳಕು ಸಾಕು, ಅದಕ್ಕೆ ಎಷ್ಟು ವಿದ್ಯುತ್ತು ಬೇಕು? ಇದನ್ನು ತಿಳಿಯಲು ಊಟದ ಹೊತ್ತಿನ ಚಿತ್ರಗಳೇ ಬೇಕಿದ್ದವು. ಗೂಟದ ಮೇಲಿನ ಒಂದೇ ಕ್ಯಾಮೆರಾ ದಿನವೂ ವಿಡಿಯೋ ತೆಗೆಯುತ್ತಿತ್ತು. ನಾಲ್ಕಕ್ಕಿಂತ ಕಡಿಮೆ ಎಂದು ಕಂಪ್ಯೂಟರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೂಲೆಗೆ ಹಾಕುತ್ತಿತ್ತು. ಗುರುವಾರ ಬೆಳಿಗ್ಗೆ ಅವಳು ಹಿಂದಿನ ದಿನದ ಊಟದ ವಿಡಿಯೋ ತೆರೆದಳು.

ಚಿತ್ರ ಆಶ್ಚರ್ಯವಾಗುವಷ್ಟು ನಿಶ್ಚಲವಾಗಿತ್ತು. ಆಶ್ಚರ್ಯಪಡುವ ಕಾರಣವಿರಲಿಲ್ಲ, ಗೂಟಕ್ಕೆ ಕುತ್ತಿಗೆಯಿಲ್ಲ. ಏಳು ತಲೆಗಳ ಅಲುಗಾಟ ಕಳೆಯಲು ಬರೆದ ಅಷ್ಟು ದೊಡ್ಡ ಗಣಿತ ಇಲ್ಲಿ ಬೇಕೇ ಇರಲಿಲ್ಲ. ಅವಳು ಊಟದ ಮೊದಲ ಚಿತ್ರವನ್ನು ಕೊನೆಯ ಚಿತ್ರದ ಮೇಲೆ ಇಟ್ಟಳು. ಸುಣ್ಣದ ಚುಕ್ಕೆಗಳು ಒಂದರ ಮೇಲೊಂದು ಕೂರಲಿಲ್ಲ. ಗೋಡೆಯ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ, ಕೆಳಗೆ, ಜಾರಿದ್ದವು.

ಕೆಲಸದ ಹೊತ್ತಿನಲ್ಲಿ ಹೆಚ್ಚೇನೂ ಅಲುಗದ ಗೋಡೆ ಊಟದ ಹೊತ್ತಿನಲ್ಲಿ ಯಾಕೆ ಜಾರಬೇಕು? ಉತ್ತರ ಕಂಟ್ರೋಲ್ ರೂಮಿನ ವೇಳಾಪಟ್ಟಿಯಲ್ಲೇ ಇತ್ತು. ಜನರೆಲ್ಲ ಊಟದ ಜಾಗದಲ್ಲಿ ಸುರಕ್ಷಿತವಾಗಿ ಕೂತಿರುತ್ತಾರೆಂದು ಮೇಲಿನ ಹದಿಮೂರನೇ ಅಂತಸ್ತಿನ ಬ್ಲಾಸ್ಟಿಂಗನ್ನು ಅದೇ ಅರ್ಧ ಗಂಟೆಗೆ ಇಟ್ಟಿದ್ದರು. ಪೆಟ್ಟು ಬೀಳುತ್ತಿದ್ದಾಗಲೇ ಕಣ್ಣುಗಳು ಮುಚ್ಚಿರುತ್ತಿದ್ದವು. ಇನ್ನೊಂದು ತಪ್ಪು ಕಂಪ್ಯೂಟರಿನದು. ಕ್ಯಾಮೆರಾಗಳು ಆರಿ ಮತ್ತೆ ಹತ್ತಿದಾಗ, ಗೋಡೆ ಆಗ ಎಲ್ಲಿದೆಯೋ ಅದನ್ನೇ ಹೊಸ ಸೊನ್ನೆ ಎಂದು ಅದು ಹಿಡಿಯುತ್ತಿತ್ತು. ನಡುವೆ ಜಾರಿದ್ದು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಪ್ರೋಗ್ರಾಂ ಬರೆದವರಿಗೆ ಊಟದ ಪದ್ಧತಿ ತಿಳಿದಿರಲಿಲ್ಲ, ಉಣ್ಣುವವರಿಗೆ ಸೊನ್ನೆಯ ವಿಷಯ ತಿಳಿದಿರಲಿಲ್ಲ.

ಅವಳು ಸಿಕ್ಕಷ್ಟೂ ಊಟದ ವಿಡಿಯೋಗಳನ್ನು ತೆರೆದು ಕೂಡಿದಳು. ಪರದೆ ತೋರಿಸುತ್ತಿದ್ದ ಒಟ್ಟು ಚಲನೆ 1.1 ಮಿಲಿಮೀಟರು. ಗೂಟ ನೋಡಿದ್ದು 7.8.

ಕೆಳಗೆ ಹುಸೇನಪ್ಪನ ಗ್ಯಾಂಗು ಅದೇ ಗೋಡೆಯ ಬುಡದಲ್ಲಿ ಕೆಲಸದಲ್ಲಿತ್ತು. ಗಂಟೆಯ ಗುಂಡಿ ಅವಳ ಕೈಗೆ ಎಟುಕುವಷ್ಟು ಹತ್ತಿರವೇ ಇತ್ತು. ಅವಳು ಎದ್ದು ಕಟಗೇರಿಯ ಕೋಣೆಗೆ ಓಡಿದಳು.

ಕಟಗೇರಿ ಕಲ್ಲೆದೆಯವನಲ್ಲ. ಹಿಂದೆ ಒಂದು ಕುಸಿತದಲ್ಲಿ ಹೆಣಗಳನ್ನು ತಾನೇ ನಿಂತು ಮೇಲೆ ತರಿಸಿದ್ದವನು. ಅವನ ಹೆದರಿಕೆ ಬೇರೆ ಬಗೆಯದು.

“ನೋಡ್ರಿ ಜಯಶೀಲಾ, ಮಂಗಳವಾರ ಗಂಟಿ ಹೊಡೆದಾಗ ಎಲ್ಲಾರೂ ಓಡಿ ಬಂದ್ರು. ಇನ್ನೊಮ್ಮೆ ಸುಳ್ಳು ಗಂಟಿ ಆದ್ರ ನಡಕೋತ ಬರ್ತಾರ. ಅದರ ಮುಂದಿನದಕ್ಕ ಊಟ ಮುಗಿಸಿ ಬರ್ತಾರ. ಅವತ್ತು ಖರೇನ ಬಿದ್ರ ನಾ ಏನು ಮಾಡ್ಲಿ?”

ನಾಲ್ಕು ಕ್ಯಾಮೆರಾಗಳ ನಿಯಮ ಸುಮ್ಮನೆ ಮಾಡಿದ್ದಲ್ಲ ಎಂದೂ ಹೇಳಿದ. ಕೊನೆಗೆ ಒಂದು ಮಾತಿಗೆ ಒಪ್ಪಿದ. ಗಂಟೆ ಬೇಡ, ಫೋನ್ ಮಾಡಿ ಆ ಒಂದು ಗ್ಯಾಂಗನ್ನು ಮಾತ್ರ ಮೇಲಕ್ಕೆ ಕರೆಯುವುದು. ಇವತ್ತಿನ ಬ್ಲಾಸ್ಟಿಂಗಿಗೆ ಗೋಡೆ ಏನು ಮಾಡುತ್ತದೆಂದು ನೋಡುವುದು. ಏನೂ ಮಾಡದಿದ್ದರೆ ನಾಳೆ ಬೆಳಗಿನ ಪಾಳಿಗೆ ಮತ್ತೆ ಕೆಲಸ.

ಆದರೆ ಮನುಷ್ಯರಿಲ್ಲದ ಕಡೆ ಗೋಡೆಯನ್ನು ನೋಡುವವರು ಯಾರು? ಒಂದು ಹೆಲ್ಮೆಟ್ಟನ್ನು ಗೂಟಕ್ಕೆ ಬಿಟ್ಟು ಬರಬಹುದು. ಅರ್ಧ ಖಾಲಿಯಾದ ಅದರ ಬ್ಯಾಟರಿ ಸಂಜೆಯವರೆಗೂ ಬಾರದು.

ಫೋನಿನಲ್ಲಿ ಅವಳು ಹುಸೇನಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ತಮಾಷೆ ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ನೋಡಿದನೆಂದು ಕಾಣುತ್ತದೆ. ಆಮೇಲೆ, ಗೂಟದ ಹೆಲ್ಮೆಟ್ಟಿಗೆ ಕೈಗಡ ಕೊಟ್ಟು ಹೋಗುತ್ತೇವೆ ಎಂದ. ದಾರಿಯಲ್ಲಿ ಯಾರದಾದರೂ ಬ್ಯಾಟರಿ ಸತ್ತರೆ ಇನ್ನೊಬ್ಬನದರಿಂದ ವಿದ್ಯುತ್ತು ಪಡೆಯಲು ಪ್ರತಿ ಬ್ಯಾಟರಿಯ ಪಕ್ಕದಲ್ಲೂ ಒಂದು ತೂತು, ಒಂದು ಮೊಳದ ವೈರು ಇದೆ. ಅದಕ್ಕೆ ಕೈಗಡ ಎಂಬುದು ಅವರಿಟ್ಟ ಹೆಸರು.

ದಾರಿಯ ಸ್ವಲ್ಪ ಹೊತ್ತಿಗೆ ಚಿಂತೆಯಿಲ್ಲ, ಆದರೆ ತುಂಬಿದ ಬ್ಯಾಟರಿಗೆ ಬರಿದಾದದ್ದನ್ನು ಗಂಟೆಗಟ್ಟಲೆ ಕಟ್ಟಿಟ್ಟರೆ ವಿದ್ಯುತ್ತು ರಭಸದಿಂದ ಹರಿದು ಎರಡೂ ಬಿಸಿಯಾಗುತ್ತವೆ. ಆದ್ದರಿಂದ ಎಲ್ಲದರ ಮೇಲೂ ಒಂದೇ ಬಣ್ಣ ಇದೆಯೋ ನೋಡಿಕೊಳ್ಳಿ ಎಂದಳು. ಎಲ್ಲವೂ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಟಿದ್ದವು, ಎಲ್ಲವೂ ಅರ್ಧ ಮುಗಿದ ಗುರುತಿನ ಹಳದಿ. ಗೂಟದ ಹೆಲ್ಮೆಟ್ಟಿನ ಬ್ಯಾಟರಿಗೆ ಐದು ಜನ ತಮ್ಮ ಬ್ಯಾಟರಿ ಬಿಚ್ಚಿ ಸಾಲಾಗಿ ಕಟ್ಟಿದರು. ಏಳನೆಯವನ ದೀಪ ಮಾತ್ರ ದಾರಿಗೆ. ಮೌನೇಶ ಎಂಬ ಆ ಏಳನೆಯವನು ಮುಂದೆ ನಡೆದ. ಉಳಿದವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಉಣ್ಣದ ಬುತ್ತಿ ಬಗಲಿಗೆ ಹಾಕಿಕೊಂಡು ಲಿಫ್ಟಿನವರೆಗೆ ಕತ್ತಲೆಯಲ್ಲಿ ಬಂದರು. ಪರದೆಯ ಮೇಲೆ ಒಂದು ಚುಕ್ಕೆ ನಿಧಾನವಾಗಿ ಚಲಿಸುತ್ತಿತ್ತು, ಇನ್ನೊಂದು ನಿಂತಲ್ಲೇ ಇತ್ತು. ಮೌನೇಶನ ಹಿಂದಿನ ಆರು ಜನ ಎಲ್ಲೂ ಕಾಣುತ್ತಿರಲಿಲ್ಲ.

ಬ್ಲಾಸ್ಟಿಂಗ್ ಆಯಿತು. ಗೋಡೆ 0.3 ಮಿಲಿಮೀಟರು ಜಾರಿ ನಿಂತಿತು. ಕಟಗೇರಿ ಸಮಾಧಾನದ ಉಸಿರು ಬಿಟ್ಟು, ನಾಳೆ ಬೆಳಿಗ್ಗೆ ಗ್ಯಾಂಗು ಇಳಿಯಲಿ ಎಂದ. ಜಯಶೀಲಾ ಒಂದು ಕೆಲಸ ಮಾಡಿದಳು. ಕಲ್ಲು ಓಡುವುದಿಲ್ಲ, ಅದನ್ನು ನೋಡಲು ಸೆಕೆಂಡಿಗೆ ಮೂವತ್ತು ಚಿತ್ರ ಬೇಕಿಲ್ಲ. ಮೇಲಿನಿಂದಲೇ ಆದೇಶ ಕಳಿಸಿ ದೀಪವೂ ಕ್ಯಾಮೆರಾವೂ ನಿಮಿಷಕ್ಕೊಮ್ಮೆ ಎಚ್ಚರವಾಗಿ, ಒಂದು ಚಿತ್ರ ತೆಗೆದು, ಮತ್ತೆ ಮಲಗುವಂತೆ ಮಾಡಿದಳು. ಒಂದು ದಿನ ಕಳೆಯುತ್ತಲೇ ಮುಗಿಯಬೇಕಾಗಿದ್ದ ಆ ಆರು ಬ್ಯಾಟರಿ ಈಗ ವಾರಕ್ಕೂ ಮೀರಿ ಬಾಳುತ್ತಿದ್ದವು. ಯಾರೂ ಇಲ್ಲದ ಆ ಜಾಗದಲ್ಲಿ ನಿಮಿಷಕ್ಕೊಂದು ಸಲ ಬೆಳಕು ಕಣ್ಣು ಮಿಟುಕಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಕಂಟ್ರೋಲ್ ರೂಮಿಗೆ ಬಂದಾಗ ಚಿತ್ರಗಳಲ್ಲಿ ಹೊಸದೊಂದು ಕಂಡಿತು. ಯಾವ ಬ್ಲಾಸ್ಟಿಂಗೂ ಇಲ್ಲದೆ ಗೋಡೆ ತಾನಾಗಿಯೇ ಜಾರುತ್ತಿತ್ತು. ಮೊದಲು ಗಂಟೆಗೆ ಇಷ್ಟು ಎನ್ನುವಷ್ಟು. ಆಮೇಲೆ ಆ ಗಂಟೆಯ ದೂರ ಅರ್ಧ ಗಂಟೆಗೆ. ಕಟಗೇರಿಗೆ ಫೋನ್ ಮಾಡಿದರೆ ಅವನು ದಾರಿಯಲ್ಲಿದ್ದ, ಸಿಗ್ನಲ್ ಇರಲಿಲ್ಲ. ಪಾಳಿಯ ಜನ ಆಗಲೇ ಲ್ಯಾಂಪ್ ರೂಮಿನ ಕಿಟಕಿಗೆ ಬಂದಿದ್ದರು. ಅವಳು ಲ್ಯಾಂಪ್ ರೂಮಿಗೆ ಫೋನ್ ಮಾಡಿದಳು. ತಾಯಮ್ಮ ಎತ್ತಿದಳು. ಗ್ಯಾಂಗನ್ನು ತಡೆಯುವ ಅಧಿಕಾರ ತನಗಿಲ್ಲ, ಮ್ಯಾನೇಜರ್ ಬರುವವರೆಗೆ ಹೇಗಾದರೂ ಸ್ವಲ್ಪ ಹೊತ್ತು ಎಂದು ಜಯಶೀಲಾ ಹೇಳುತ್ತಿರುವಾಗಲೇ ತಾಯಮ್ಮ, ಆಯಿತು ತಂಗಿ, ಎಂದು ಫೋನ್ ಇಟ್ಟಳು.

ಕಿಟಕಿಯ ಹೊರಗೆ ಅವಳ ಗಂಡನೇ ಮೊದಲು ನಿಂತಿದ್ದ. ಹಿಂದೆ ಪಾಳಿಯ ಮೇಲ್ವಿಚಾರಕ ಅವಸರ ಮಾಡುತ್ತಿದ್ದ. ತಾಯಮ್ಮ ಚಾರ್ಜಿನ ಕಪಾಟಿನ ಕಡೆ ತಿರುಗಿ, ಖಾಲಿಯಿದ್ದ ಆರು ಗೂಡುಗಳನ್ನು ಬೆರಳಿಟ್ಟು ತೋರಿಸಿದಳು. ಕೆಳಗೆ ಹೋದ ಬ್ಯಾಟರಿ ಗೂಡಿಗೆ ಮರಳುವವರೆಗೆ ಅದನ್ನು ಒಯ್ದವನು ಕೆಳಗೇ ಇದ್ದಾನೆ ಎಂದು ಹಿಡಿಯುವುದು ಗಣಿಯ ನಿಯಮ. ಯಾರನ್ನೂ ಕೆಳಗೆ ಮರೆತು ಬರಬಾರದೆಂದು ಮಾಡಿದ್ದು. ಕೆಳಗಿರುವವನಿಗೆ ಎರಡನೇ ಬ್ಯಾಟರಿ ಕೊಡುವಂತಿಲ್ಲ.

“ನನ್ನ ಲೆಕ್ಕದಾಗ ಈ ಆರು ಮಂದಿ ಇನ್ನಾ ಕೆಳಗಾ ಅದಾರ. ಅವರು ಮ್ಯಾಲ ಬಂದ ಮ್ಯಾಲ ಕೊಡ್ತೀನಿ.”

ಎದುರಿಗೇ ನಿಂತಿದ್ದಾರಲ್ಲ ಎಂದು ಮೇಲ್ವಿಚಾರಕ ರೇಗಿದ. ಹುಸೇನಪ್ಪ ಹೆಂಡತಿಯ ಮುಖ ನೋಡಿದ. ಇಪ್ಪತ್ತು ವರ್ಷದಲ್ಲಿ ಅವಳು ಒಮ್ಮೆಯೂ ಅವನಿಗೆ ಬ್ಯಾಟರಿ ಕೊಡದೆ ನಿಲ್ಲಿಸಿದ್ದಿಲ್ಲ. ಈಗ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಅವನು ಹಿಂದಕ್ಕೆ ತಿರುಗಿ ಗ್ಯಾಂಗಿಗೆ ಹೇಳಿದ:

“ಕುಂದರ್ರಿ ಎಲ್ಲಾರೂ. ನಾವಿನ್ನೂ ಮ್ಯಾಲ ಬಂದಿಲ್ಲಂತ.”

ನಿಯಮ ಸರಿಯಾಗಿಯೇ ಇತ್ತು. ಅದನ್ನು ಮುರಿಯಲು ಮ್ಯಾನೇಜರನ ಮಾತು ಬೇಕಿತ್ತು. ಮೇಲ್ವಿಚಾರಕ ಕಟಗೇರಿಯನ್ನು ಹುಡುಕಿಕೊಂಡು ಕಂಟ್ರೋಲ್ ರೂಮಿಗೆ ಬಂದಾಗ ಕಟಗೇರಿ ಆಗಲೇ ಪರದೆಯ ಮುಂದೆ ನಿಂತಿದ್ದ. ನಿಮಿಷಕ್ಕೊಂದು ಚಿತ್ರ ಬರುತ್ತಿತ್ತು. ಪ್ರತಿ ಚಿತ್ರದಲ್ಲಿ ಸುಣ್ಣದ ಚುಕ್ಕೆಗಳು ಬರಿಗಣ್ಣಿಗೆ ಕಾಣುವಷ್ಟು ಕೆಳಗಿದ್ದವು. ಕಟಗೇರಿ ಜಯಶೀಲಾಳ ಮೇಜಿನ ಮೇಲೆ ಬಾಗಿ ಗಂಟೆಯ ಗುಂಡಿಯನ್ನು ತಾನೇ ಒತ್ತಿದ. ಹದಿಮೂರು, ಹನ್ನೆರಡನೇ ಅಂತಸ್ತುಗಳಲ್ಲಿ ರಾತ್ರಿ ಪಾಳಿಯವರು ಇನ್ನೂ ಇದ್ದರು. ಅವರೆಲ್ಲ ಓಡಿಯೇ ಬಂದರು. ಕೊನೆಯವನು ಲಿಫ್ಟಿನಿಂದ ಇಳಿದ ಸ್ವಲ್ಪ ಹೊತ್ತಿಗೆ ಒಂದು ಚಿತ್ರದಲ್ಲಿ ಗೋಡೆಯ ಜಾಗದಲ್ಲಿ ಬರೀ ಧೂಳು ಕಂಡಿತು. ಮುಂದಿನ ಚಿತ್ರದಲ್ಲೂ ಧೂಳು. ಅದರ ಮುಂದಿನದು ಬರಲಿಲ್ಲ. ಎಲ್ಲರ ಕಾಲಡಿಯ ನೆಲ ಒಮ್ಮೆ ಮೆಲ್ಲಗೆ ಅದುರಿತು. ಮೇಜಿನ ಮೇಲಿದ್ದ ಚಹದ ಲೋಟದಲ್ಲಿ ಉಂಗುರ ಎದ್ದಿತು.

ಲ್ಯಾಂಪ್ ರೂಮಿನ ಮುಂದೆ ಹುಸೇನಪ್ಪ ಎದ್ದು ನಿಂತು, ಕಿಟಕಿಯೊಳಗೆ ಕೈ ಹಾಕಿ ಹೆಂಡತಿಯ ಕೈಯನ್ನು ಸರಳಿನಿಂದ ಬಿಡಿಸಿದ. ಏನಾದರೂ ಹೇಳಿದನೋ ಇಲ್ಲವೋ ಯಾರಿಗೂ ಕೇಳಿಸಲಿಲ್ಲ, ಗಂಟೆ ಇನ್ನೂ ಹೊಡೆಯುತ್ತಿತ್ತು.

ಬೇಸಿಗೆಯ ಹೊತ್ತಿಗೆ ಕೆಲವು ಬದಲಾವಣೆಗಳಾದವು. ಬ್ಲಾಸ್ಟಿಂಗಿನ ವೇಳೆಯನ್ನು ಎರಡು ಪಾಳಿಗಳ ನಡುವೆ, ಕೆಳಗೆ ಯಾರೂ ಇಲ್ಲದ ಹೊತ್ತಿಗೆ, ಇಟ್ಟರು. ಎಲ್ಲ ಊಟದ ಜಾಗಗಳಲ್ಲೂ ಗೂಟಕ್ಕೆ ಒಂದು ಕ್ಯಾಮೆರಾ ಕಾಯಂ ಆಯಿತು. ಅದಕ್ಕೆ ಅದರದೇ ಬ್ಯಾಟರಿ, ನಿಮಿಷಕ್ಕೊಂದು ಚಿತ್ರ. ಹೆಲ್ಮೆಟ್ಟಿನ ಕ್ಯಾಮೆರಾಗಳನ್ನು ಊಟದ ಹೊತ್ತಿಗೆ ಆರಿಸಬಹುದೆಂದು ಕಟಗೇರಿ ಬರೆದುಕೊಟ್ಟ. ಕಂಪ್ಯೂಟರು ಹಳೆಯ ಸೊನ್ನೆಯನ್ನು ಮರೆಯದಂತೆ ಜಯಶೀಲಾ ಲೆಕ್ಕದ ಕ್ರಮ ತಿದ್ದಿದಳು.

ಗೂಟದ ಹೊಸ ಕ್ಯಾಮೆರಾಕ್ಕೆ ಎಷ್ಟು ಕಡಿಮೆ ಬೆಳಕು ಸಾಕೆಂದು ಅಳೆಯಲು ಅವಳು ಒಂದು ದಿನ ಹನ್ನೆರಡನೇ ಅಂತಸ್ತಿಗೆ ಇಳಿದಳು. ಹುಸೇನಪ್ಪನ ಗ್ಯಾಂಗು ಈಗ ಅಲ್ಲಿ ಕೆಲಸ ಮಾಡುತ್ತಿತ್ತು. ಊಟದ ಹೊತ್ತು. ಅವಳಿಗೂ ಬುತ್ತಿ ಬಿಚ್ಚಿಟ್ಟ ಅರಿವೆಯ ಅಂಚಿನಲ್ಲಿ ಜಾಗ ಮಾಡಿದರು. ಗೂಟದ ದೀಪವೊಂದನ್ನು ಬಿಟ್ಟು ಉಳಿದ ದೀಪಗಳು ಒಂದೊಂದಾಗಿ ಆರಿದವು. ತನ್ನದನ್ನು ಆರಿಸಲು ಅವಳು ಸ್ವಲ್ಪ ತಡಮಾಡಿದಳು. ಗಂಟೆ ಯಾರೂ ಹೊಡೆಯೂದಿಲ್ಲ ತಂಗೆವ್ವ, ಆರಿಸು, ಎಂದು ಕತ್ತಲೆಯಿಂದ ಯಾರೋ ಹೇಳಿದರು. ಧ್ವನಿ ಹುಸೇನಪ್ಪನದೇ ಇರಬೇಕು.

ಅವಳು ಅವಸರದಲ್ಲಿ ಬಂದಿದ್ದಳು, ಬುತ್ತಿ ತಂದಿರಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಕೈಗೆ ಒಂದು ರೊಟ್ಟಿ ಬಂತು, ಅದರ ಮೇಲೆ ಚಟ್ನಿ. ಕೊಟ್ಟ ಕೈ ಕಂಡಿತು, ಯಾರದೆಂದು ಕಾಣಲಿಲ್ಲ. ಅವಳು ಎಡಗೈಯಿಂದ ಬೆಳಕಿನ ಮೀಟರನ್ನು ಅರಿವೆಯ ನಡುವೆ, ರೊಟ್ಟಿಗಳ ಪಕ್ಕದಲ್ಲಿ, ಇಟ್ಟಳು. ಎದುರಿನ ಗೋಡೆಗೆ ಬಡಿದು ಹಿಂದಿರುಗಿ ಬರುತ್ತಿದ್ದ ಬೆಳಕು 0.8 ಲಕ್ಸ್, ರೊಟ್ಟಿ ಕಾಣಲು ಸಾಕು, ಎಣಿಸಲು ಸಾಲದು.